ನಾನೂರು ಕಾದಂಬರಿ, ಒಂದು ಜನ್ಮ: ಜಾರ್ಜ್-ಝಾನ್ ಆರ್ನೋ ಮತ್ತು ಫ್ರಾನ್ಸಿನ ‘ಸ್ಟೇಷನ್ ಕಾದಂಬರಿ’ಗಳ ಲೋಕ

2023ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ತನ್ನ ಸ್ವಯಂಪ್ರಕಾಶನ ವೇದಿಕೆಗೆ ಒಂದು ಮಿತಿ ಹಾಕಿತು. ಒಬ್ಬ ಬಳಕೆದಾರ ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕ ಏರಿಸುವಂತಿಲ್ಲ ಎಂಬುದು ಆ ನಿಯಮ. ಕಂಪ್ಯೂಟರ್‌ನಿಂದ ಬರೆಸಿದ ಪುಸ್ತಕಗಳು ರಾಶಿ ಬೀಳಬಹುದೆಂಬ ಆತಂಕ ಇದರ ಹಿಂದಿತ್ತು. ಅಂದಿನಿಂದ ‘ಹೆಚ್ಚು ಬರೆಯುವುದು’ ಎಂಬ ಮಾತಿಗೇ ಸಂಶಯದ ಬಣ್ಣ ಬಂದಿದೆ. ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ನಾನೂರು ಕಾದಂಬರಿ ಬರೆದ ಎಂದರೆ ಈಗಿನ ಓದುಗ ಹುಬ್ಬೇರಿಸುತ್ತಾನೆ.

ಆದರೆ ಬರೆದವರಿದ್ದಾರೆ. ಫ್ರಾನ್ಸಿನ ಜಾರ್ಜ್-ಝಾನ್ ಆರ್ನೋ 1928ರಲ್ಲಿ ದಕ್ಷಿಣದ ಸ್ಯಾಂ-ಝಿಲ್ ಎಂಬ ಊರಿನಲ್ಲಿ ಹುಟ್ಟಿ, 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಪತ್ತೇದಾರಿ, ಗೂಢಚಾರಿ, ಭಯ, ಶೃಂಗಾರ, ವೈಜ್ಞಾನಿಕ ಕಥೆ ಎಲ್ಲ ಸೇರಿ ಅವರ ಕಾದಂಬರಿಗಳ ಸಂಖ್ಯೆ ನಾನೂರನ್ನು ದಾಟುತ್ತದೆ. ಅದರಲ್ಲಿ ಸುಮಾರು ನೂರು ಸಂಪುಟಗಳು ಒಂದೇ ಕಥೆಯ ಕಂತುಗಳು. ಹಿಮದಲ್ಲಿ ಹೂತ ಭೂಮಿ, ಅದರ ಮೇಲೆ ರೈಲು ಕಂಪನಿಗಳ ಆಳ್ವಿಕೆ: ಅದೇ ಆ ಕಥೆಯ ಲೋಕ. ಇಷ್ಟು ಬರೆಯುವುದು ಹೇಗೆ ಸಾಧ್ಯವಾಯಿತು, ಅದನ್ನು ಸಾಧ್ಯವಾಗಿಸಿದ ಪ್ರಕಾಶನ ಪದ್ಧತಿ ಯಾವುದು, ಆ ಪದ್ಧತಿ ಕಥೆಯ ಒಳಗೂ ಹೇಗೆ ಇಳಿಯಿತು ಎಂಬುದನ್ನು ಬುಡದಿಂದ ನೋಡೋಣ.

ಮೊದಲು ಕೆಲವು ಪದಗಳು

‘ಪಲ್ಪ್’ ಎಂದರೆ ಮರದ ತಿರುಳು. ಕಾಗದ ಮಾಡಲು ಮರವನ್ನು ಎರಡು ಬಗೆಯಲ್ಲಿ ಒಡೆಯುತ್ತಾರೆ. ರಾಸಾಯನಿಕದಲ್ಲಿ ಬೇಯಿಸಿ ನಾರನ್ನಷ್ಟೇ ಉಳಿಸಿಕೊಂಡರೆ ಬಾಳಿಕೆಯ ಬಿಳಿ ಕಾಗದ ಬರುತ್ತದೆ. ಮರವನ್ನು ಕಲ್ಲಿಗೆ ತಿಕ್ಕಿ ಅರೆದರೆ ಖರ್ಚು ಕಡಿಮೆ, ಆದರೆ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಕಾಗದದಲ್ಲೇ ಉಳಿಯುತ್ತದೆ. ಬೆಳಕು, ಗಾಳಿ ತಾಗಿದಾಗ ಹಳದಿಯಾಗುವುದು ಈ ಲಿಗ್ನಿನ್. ಹಳೆಯ ನ್ಯೂಸ್‌ಪ್ರಿಂಟ್ ಪುಸ್ತಕಗಳ ಅಂಚು ಮೊದಲು ಕಂದುವುದು ಹೀಗೆ. ಅಮೆರಿಕದಲ್ಲಿ ಇಂಥ ಅಗ್ಗದ ಕಾಗದದ ಕಥಾಪತ್ರಿಕೆಗಳಿಗೆ ಬಂದ ‘ಪಲ್ಪ್’ ಎಂಬ ಹೆಸರು ಕ್ರಮೇಣ ಆ ಕಥೆಗಳಿಗೇ ಅಂಟಿತು.

ಫ್ರೆಂಚರ ಮಾತು ಬೇರೆ. ಅವರು ಇಂಥದ್ದನ್ನು ‘ರೊಮಾಂ ದ ಗಾರ್’ ಎನ್ನುತ್ತಾರೆ, ಅಂದರೆ ಸ್ಟೇಷನ್ ಕಾದಂಬರಿ. ರೈಲು ಹತ್ತುವ ಮುಂಚೆ ಕೊಂಡು ಇಳಿಯುವ ಹೊತ್ತಿಗೆ ಮುಗಿಸುವ ಪುಸ್ತಕ. 1850ರ ದಶಕದ ಆರಂಭದಲ್ಲಿ ಲೂಯಿ ಅಶೆತ್ ಎಂಬ ಪ್ರಕಾಶಕ, ಇಂಗ್ಲೆಂಡಿನ ನಿಲ್ದಾಣಗಳಲ್ಲಿದ್ದ ಪುಸ್ತಕ ಮಳಿಗೆಗಳನ್ನು ನೋಡಿ ಬಂದು, ಫ್ರಾನ್ಸಿನ ರೈಲು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಅಂಥದ್ದೇ ಮಳಿಗೆಗಳನ್ನು ತೆರೆದ. ನಮಗೂ ಇದರ ಒಂದು ಎಳೆ ತಾಗುತ್ತದೆ. ಉತ್ತರ ಭಾರತದ ಪ್ಲಾಟ್‌ಫಾರಂಗಳಲ್ಲಿ ಕಾಣುವ ಎ. ಎಚ್. ವೀಲರ್ ಮಳಿಗೆಗಳನ್ನು 1877ರಲ್ಲಿ ಅಲಹಾಬಾದಿನಲ್ಲಿ ಶುರುಮಾಡಿದವರಲ್ಲಿ ಎಮಿಲ್ ಮೊರೋ ಎಂಬ ಫ್ರೆಂಚ್ ಮೂಲದವರಿದ್ದರು. ದಕ್ಷಿಣದ ನಿಲ್ದಾಣಗಳಲ್ಲಿ ಅದೇ ಕೆಲಸ ಮಾಡಿದ್ದು ಹಿಗ್ಗಿನ್‌ಬಾಥಮ್ಸ್.

ಮೂರನೆಯ ಪದ ‘ಆಂತಿಸಿಪಾಸಿಯೊಂ’. ಮುಂದೆ ಬರಲಿರುವುದನ್ನು ಮೊದಲೇ ಊಹಿಸುವುದು ಎಂದರ್ಥ. ‘ಸೈನ್ಸ್ ಫಿಕ್ಷನ್’ ಎಂಬ ಮಾತು ಅಮೆರಿಕದಿಂದ ಬಂದು ನೆಲೆಯೂರುವ ಮುಂಚೆ ಫ್ರೆಂಚರು ಭವಿಷ್ಯದ ಕಥೆಗಳನ್ನು ಕರೆಯುತ್ತಿದ್ದುದು ಹೀಗೆ.

ಮಾಲಿಕೆ ಹೇಗೆ ಕೆಲಸ ಮಾಡುತ್ತದೆ

1949ರಲ್ಲಿ ಪ್ಯಾರಿಸ್‌ನಲ್ಲಿ ಆರ್ಮಾಂ ದ ಕಾರೋ ಮತ್ತು ಗೀ ಕ್ರಿಲ್ ಸೇರಿ ಫ್ಲವ್ ನ್ವಾರ್ ಎಂಬ ಪ್ರಕಾಶನ ಕಟ್ಟಿದರು. ಹೆಸರಿನ ಅರ್ಥ ‘ಕಪ್ಪು ನದಿ’. ಅವರು ಪುಸ್ತಕಗಳನ್ನು ಬಿಡಿಬಿಡಿಯಾಗಿ ಮಾರದೆ ಮಾಲಿಕೆಗಳಾಗಿ ಮಾರಿದರು. ಪತ್ತೇದಾರಿಗೆ ಒಂದು ಮಾಲಿಕೆ, ಗೂಢಚಾರಿಗೆ ಒಂದು, ಭಯಕ್ಕೆ ಒಂದು. ಭವಿಷ್ಯದ ಕಥೆಗಳಿಗೆಂದು 1951ರಲ್ಲಿ ಶುರುವಾದ ಮಾಲಿಕೆಗೆ ಆಂತಿಸಿಪಾಸಿಯೊಂ ಎಂದೇ ಹೆಸರಿಟ್ಟರು. ಅದು 1997ರಲ್ಲಿ ನಿಂತಾಗ ಕೊನೆಯ ಪುಸ್ತಕದ ಕ್ರಮಸಂಖ್ಯೆ 2001. ನಲವತ್ತಾರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 43, ಅಂದರೆ ಎಂಟೊಂಬತ್ತು ದಿನಕ್ಕೊಂದು ವೈಜ್ಞಾನಿಕ ಕಾದಂಬರಿ. ಮೊದಲ ವರ್ಷಗಳಲ್ಲಿ ಗತಿ ಇದಕ್ಕಿಂತ ಎಷ್ಟೋ ನಿಧಾನ, ಕೊನೆಯ ದಶಕಗಳಲ್ಲಿ ಇದಕ್ಕಿಂತ ಜೋರು.

ಮಾಲಿಕೆಯ ಪುಸ್ತಕ ಹೇಗಿರುತ್ತದೆಂದು ಕಣ್ಣ ಮುಂದೆ ತಂದುಕೊಳ್ಳಲು ನಮ್ಮ ವಾರಪತ್ರಿಕೆಯನ್ನು ನೆನೆಯಬೇಕು. ಪತ್ರಿಕೆಗೆ ನಿಗದಿತ ದಿನ, ನಿಗದಿತ ಪುಟ, ನಿಗದಿತ ಬೆಲೆ ಇರುತ್ತದೆ. ಈ ವಾರದ ಸಂಚಿಕೆ ಬಂದ ಕೂಡಲೇ ಕಳೆದ ವಾರದ್ದು ಅಂಗಡಿಯಿಂದ ಇಳಿಯುತ್ತದೆ. ಫ್ಲವ್ ನ್ವಾರ್ ಕಾದಂಬರಿಯದೂ ಇದೇ ಬಾಳು. ಜೇಬಿನಲ್ಲಿ ಕೂರುವ ಅಳತೆ, ಬೆನ್ನಿನ ಮೇಲೆ ದಪ್ಪಗೆ ಕ್ರಮಸಂಖ್ಯೆ, ದೂರದಿಂದಲೇ ಗುರುತು ಸಿಗುವ ಮುಖಪುಟ. ಆರಂಭದ ಎರಡು ದಶಕಗಳ ಆಂತಿಸಿಪಾಸಿಯೊಂ ಮುಖಪುಟಗಳನ್ನು ಬಹುಪಾಲು ಬರೆದವರು ರನೆ ಬ್ರಾಂತೋನ್ ಎಂಬ ಕಲಾವಿದ. ರಾಕೆಟ್ಟು, ವಿಚಿತ್ರ ಪ್ರಾಣಿ, ಹೊತ್ತಿ ಉರಿಯುವ ಆಕಾಶ. ಓದುಗ ಲೇಖಕನ ಹೆಸರು ನೋಡುವ ಮೊದಲೇ ಇದು ಯಾವ ಮಾಲಿಕೆ ಎಂದು ಅವನಿಗೆ ಗೊತ್ತಾಗುತ್ತಿತ್ತು.

ಪುಟಸಂಖ್ಯೆ ಏಕೆ ನಿಗದಿ? ಅಚ್ಚುಕೂಟದ ಲೆಕ್ಕವೇ ಕಾರಣ. ನಮ್ಮ ಮುದ್ರಕರು ಪುಸ್ತಕವನ್ನು ‘ಫಾರಂ’ ಲೆಕ್ಕದಲ್ಲಿ ಅಳೆಯುತ್ತಾರೆ. ದೊಡ್ಡ ಹಾಳೆಯ ಎರಡೂ ಮಗ್ಗುಲಲ್ಲಿ ಅಚ್ಚು ಹಾಕಿ ಮಡಚಿದಾಗ ಸಿಗುವ 16 ಪುಟ ಒಂದು ಫಾರಂ. ಆದ್ದರಿಂದ ಪುಸ್ತಕದ ಪುಟಗಳು ಸಾಮಾನ್ಯವಾಗಿ 16ರ ಮಗ್ಗಿಯಲ್ಲಿ ಬರುತ್ತವೆ. 1980ರ ದಶಕದ ಆಂತಿಸಿಪಾಸಿಯೊಂ ಸಂಪುಟಗಳು 192 ಪುಟದ ಆಸುಪಾಸಿನವು, ಅಂದರೆ 12 ಫಾರಂ. ಕಥೆ 194 ಪುಟಕ್ಕೆ ಹೋದರೆ ಆ ಎರಡು ಪುಟಕ್ಕಾಗಿ ಇನ್ನೊಂದು ಹಾಳೆ ಓಡಿಸಬೇಕು, ಉಳಿದ ಪುಟ ಖಾಲಿ ಬಿಡಬೇಕು, ಬೆನ್ನಿನ ದಪ್ಪ ಬದಲಾಗುತ್ತದೆ, ಬೆಲೆಯ ಲೆಕ್ಕ ತಪ್ಪುತ್ತದೆ. ಹಾಗಾಗಿ ಲೇಖಕನೇ ಅಳತೆಗೆ ಬರೆಯಬೇಕು. ದರ್ಜಿಗೆ ಬಟ್ಟೆ ಎಷ್ಟು ಮೀಟರ್ ಎಂದು ಮೊದಲೇ ಗೊತ್ತಿದ್ದಂತೆ ಈ ಲೇಖಕರಿಗೆ ಕಥೆಯ ತಿರುವು ಎಷ್ಟನೆಯ ಪುಟದಲ್ಲಿ ಬರಬೇಕೆಂದು ಕೈಗೇ ಗೊತ್ತಿರುತ್ತಿತ್ತು.

ಹಣದ ವಿಷಯವನ್ನೂ ಹೇಳದಿದ್ದರೆ ಈ ವೇಗ ಅರ್ಥವಾಗುವುದಿಲ್ಲ. ಲೇಖಕನಿಗೆ ದುಡ್ಡು ಕೊಡುವ ರೀತಿ ಸ್ಥೂಲವಾಗಿ ಎರಡು. ಒಂದು, ಮಾರಾಟವಾದ ಪ್ರತಿ ಲೆಕ್ಕದಲ್ಲಿ ರಾಯಲ್ಟಿ. ಪುಸ್ತಕ ವರ್ಷಗಟ್ಟಲೆ ಅಂಗಡಿಯಲ್ಲಿದ್ದು ಮಾರಾಟವಾಗುತ್ತಿದ್ದರೆ ಇದು ಲಾಭದ ದಾರಿ. ಇನ್ನೊಂದು, ಪುಸ್ತಕ ಅಚ್ಚಾಗುವ ಹೊತ್ತಿಗೆ ಸಿಗುವ ಗಂಟು. ಒಂದೆರಡು ತಿಂಗಳಷ್ಟೇ ಅಂಗಡಿಯಲ್ಲಿರುವ ಮಾಲಿಕೆಯ ಪುಸ್ತಕಕ್ಕೆ ಅಚ್ಚಿನ ವೇಳೆಯ ದುಡ್ಡೇ ಮುಖ್ಯ ವರಮಾನ. ಕಳೆದ ವರ್ಷದ ಪುಸ್ತಕ ಈ ವರ್ಷ ಅನ್ನ ಹಾಕುವುದಿಲ್ಲ. ಮುಂದಿನ ದುಡ್ಡು ಬೇಕಿದ್ದರೆ ಮುಂದಿನ ಹಸ್ತಪ್ರತಿ ಸಿದ್ಧವಿರಬೇಕು. ಬರವಣಿಗೆಯಿಂದಲೇ ಮನೆ ನಡೆಸುವವರು ಈ ಲೋಕದಲ್ಲಿ ಹೆಚ್ಚು ಬರೆದದ್ದಕ್ಕೆ ಇದೇ ಮೊದಲ ಕಾರಣ.

ಇಂಥ ಬಿಗಿಯಲ್ಲಿ ಒಳ್ಳೆಯದು ಹುಟ್ಟುತ್ತದೆಯೇ ಎಂಬ ಪ್ರಶ್ನೆಗೆ ಒಂದು ಉದಾಹರಣೆ ಸಾಕು. ಇದೇ ಮಾಲಿಕೆಯಲ್ಲಿ 1950ರ ದಶಕದಲ್ಲಿ ಬರೆದ ಸ್ತೆಫಾನ್ ವುಲ್ ವೃತ್ತಿಯಲ್ಲಿ ದಂತವೈದ್ಯ, ನಿಜ ಹೆಸರು ಪಿಯೆರ್ ಪೆರೋ. ಅವರ 1957ರ ಒಂದು ಕಾದಂಬರಿಯನ್ನು ಆಧರಿಸಿದ ಅನಿಮೇಷನ್ ಚಿತ್ರ 1973ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ವಿಶೇಷ ಬಹುಮಾನ ಪಡೆಯಿತು.

ಒಬ್ಬ ಲೇಖಕ, ಹಲವು ಹೆಸರು

ಆರ್ನೋ ಅವರ ಮೊದಲ ಪುಸ್ತಕ ಪತ್ತೇದಾರಿ ಕಾದಂಬರಿ. 1952ರಲ್ಲಿ ಅದಕ್ಕೆ ‘ಕೆ ದೆಜ಼ೋರ್ಫೆವ್ರ್’ ಬಹುಮಾನ ಬಂತು. ಪ್ಯಾರಿಸ್ ಪೊಲೀಸರ ಪತ್ತೆದಳದ ಕಚೇರಿಯಿದ್ದ ನದಿದಂಡೆಯ ಹೆಸರನ್ನೇ ಹೊತ್ತ ಬಹುಮಾನ ಅದು. ಇನ್ನೂ ಪ್ರಕಟವಾಗದ ಹಸ್ತಪ್ರತಿಗೆ ಕೊಡುತ್ತಾರೆ, ತೀರ್ಪುಗಾರರಲ್ಲಿ ಪೊಲೀಸ್ ಅಧಿಕಾರಿಗಳೂ ಇರುತ್ತಾರೆ. ತನಿಖೆಯ ವಿವರ ತಪ್ಪಿದ್ದರೆ ಅವರಿಗೆ ತಟ್ಟನೆ ಗೊತ್ತಾಗುತ್ತದೆ.

ಪುಸ್ತಕದ ಮೇಲೆ ಮಾತ್ರ ‘ಆರ್ನೋ’ ಎಂಬ ಹೆಸರಿರಲಿಲ್ಲ. ಎರಡು ವರ್ಷ ಮುಂಚೆ, 1950ರಲ್ಲಿ, ಸ್ಫೋಟಕ ತುಂಬಿದ ಲಾರಿಗಳನ್ನು ಓಡಿಸುವವರ ಕಥೆ ಬರೆದು ಜಾರ್ಜ್ ಆರ್ನೋ ಎಂಬ ಇನ್ನೊಬ್ಬ ಲೇಖಕ ದೊಡ್ಡ ಹೆಸರು ಮಾಡಿದ್ದ. ಅದೂ ಒಂದು ಕಾವ್ಯನಾಮವೇ, ಅವನ ನಿಜ ಹೆಸರು ಆನ್ರಿ ಜಿರಾರ್. ಹೀಗಾಗಿ ನಮ್ಮ ಆರ್ನೋ ಹುಟ್ಟೂರಿನ ಹೆಸರನ್ನೇ ಹೊದ್ದು ‘ಸ್ಯಾಂ-ಝಿಲ್’ ಆದರು. ಮುಂದೆ ಸ್ವಂತ ಹೆಸರಿಗೆ ಮರಳಿದಾಗಲೂ ಗೊಂದಲವಾಗದಂತೆ ‘ಜಿ.-ಜೆ. ಆರ್ನೋ’ ಎಂದು ಎರಡು ಇನಿಷಿಯಲ್ ಇಟ್ಟುಕೊಂಡರು. ಗ್ರಂಥಾಲಯದ ಸೂಚಿಯಲ್ಲಿ ಹುಡುಕುವವರು ಈ ಎರಡನೆಯ ಅಕ್ಷರವನ್ನು ಬಿಟ್ಟರೆ ತಪ್ಪು ಮನುಷ್ಯನ ಪುಸ್ತಕ ಕೈಗೆ ಬರುತ್ತದೆ.

ಈ ಲೋಕದಲ್ಲಿ ಕಾವ್ಯನಾಮ ವಿನಯದ ಗುರುತಲ್ಲ, ವ್ಯವಹಾರದ ಸಲಕರಣೆ. ಒಂದೇ ತಿಂಗಳಲ್ಲಿ ಒಂದೇ ಹೆಸರಿನ ಮೂರು ಪುಸ್ತಕ ಬಂದರೆ ಓದುಗನಿಗೆ ಮೂರರ ಮೇಲೂ ಅನುಮಾನ. ಒಬ್ಬ ಪ್ರಕಾಶಕನಿಗೆ ಮಾತುಕೊಟ್ಟ ಹೆಸರನ್ನು ಇನ್ನೊಬ್ಬನಲ್ಲಿ ಬಳಸುವುದು ಕಷ್ಟ. ಶೃಂಗಾರದ ಪುಸ್ತಕಗಳಿಗಂತೂ ಇನ್ನೊಂದು ಕಾರಣವಿತ್ತು. 1949ರ ಜುಲೈ 16ರ ಕಾನೂನಿನಡಿ, ಎಳೆಯರಿಗೆ ಅಪಾಯಕಾರಿ ಎನಿಸಿದ ಪುಸ್ತಕವನ್ನು ಅವರಿಗೆ ಮಾರದಂತೆ, ಅಂಗಡಿಯಲ್ಲಿ ಎದುರಿಗೆ ಇಡದಂತೆ ಗೃಹಸಚಿವಾಲಯ ತಡೆಯಬಹುದಿತ್ತು. ಅಂಥ ಪುಸ್ತಕದ ಹೆಸರು ಪತ್ತೇದಾರಿ ಪುಸ್ತಕಕ್ಕೆ ಅಂಟುವುದು ಯಾರಿಗೂ ಬೇಕಿರಲಿಲ್ಲ. ಆರ್ನೋ ಅವರೂ ಶೃಂಗಾರವನ್ನು ಬೇರೆ ಬೇರೆ ಹೆಸರಲ್ಲೇ ಬರೆದರು. ಇದರ ತಿರುಗುಮುರುಗೂ ಉಂಟು: ಮಾಲಿಕೆಯ ಆರಂಭಕಾಲದ ಝಾನ್-ಗಾಸ್ತೋಂ ವಾಂದೆಲ್ ಎಂಬ ಒಂದು ಹೆಸರಿನ ಹಿಂದೆ ಬೆಲ್ಜಿಯಂನ ಇಬ್ಬರು ಲೇಖಕರಿದ್ದರು. ಗೂಢಚಾರಿ ಕಾದಂಬರಿಗಳಿಗೆ ಅದೇ ಇಬ್ಬರೂ ಸೇರಿ ಪಾಲ್ ಕೆನಿ ಆಗುತ್ತಿದ್ದರು.

ಫ್ಲವ್ ನ್ವಾರ್‌ನಲ್ಲಿ ಆರ್ನೋ ಮೊದಲು ಬೆಳೆದದ್ದು ಪತ್ತೇದಾರಿ ಮತ್ತು ಗೂಢಚಾರಿ ಮಾಲಿಕೆಗಳಲ್ಲಿ. ‘ಕಮಾಂಡರ್’ ಎಂದೇ ಹೆಸರಾದ ಸರ್ಜ್ ಕೊವಾಸ್ಕ್ ಅವರ ಗೂಢಚಾರಿ ನಾಯಕ. ಅವರ ಪತ್ತೇದಾರಿ ಕಥೆಗಳಲ್ಲಿ ಮುಚ್ಚಿದ ಮನೆ, ಒಳಗೊಳಗೇ ಹಿಸುಕುವ ಸಂಬಂಧ, ಹಣದ ಆಸೆ ಮತ್ತೆ ಮತ್ತೆ ಬರುತ್ತವೆ. ಕೆಲವು ಸಿನಿಮಾ ಆಗಿವೆ. ವೈಜ್ಞಾನಿಕ ಕಥೆಗೆ ಅವರು ಬಂದದ್ದು ತಡವಾಗಿ. 1970ರ ದಶಕದ ಆರಂಭದಲ್ಲಿ ಮೂರು ಕಾದಂಬರಿಗಳ ಒಂದು ಗುಚ್ಛ, ಆಮೇಲೆ ಹಲವು ವರ್ಷ ಮೌನ. 1980ರಲ್ಲಿ, ವಯಸ್ಸು ಐವತ್ತು ದಾಟಿದ ಮೇಲೆ, ‘ಲಾ ಕೊಂಪಾನ್ಯೀ ದೆ ಗ್ಲಾಸ್’ ಶುರುವಾಯಿತು. ಕನ್ನಡದಲ್ಲಿ ‘ಹಿಮದ ಕಂಪನಿ’ ಎನ್ನಬಹುದು.

ದಿನಕ್ಕೆ ನಾಲ್ಕು ಪುಟ

ನಾನೂರು ಎಂಬ ಅಂಕಿಯನ್ನು ದಿನಗಳಿಗೆ ಇಳಿಸಿ ನೋಡೋಣ. 1952ರಿಂದ 2005ರವರೆಗೆ 53 ವರ್ಷ. ನಾನೂರನ್ನು ಹಂಚಿದರೆ ಸುಮಾರು 48 ದಿನಕ್ಕೊಂದು ಕಾದಂಬರಿ. 192 ಪುಟದ ಸಂಪುಟದಲ್ಲಿ ಪುಟಕ್ಕೆ 230–250 ಫ್ರೆಂಚ್ ಪದ ಎಂದು ಹಿಡಿದು, ಅಧ್ಯಾಯಗಳ ನಡುವಿನ ಖಾಲಿ ಜಾಗ ಕಳೆದರೆ 40,000ರಿಂದ 45,000 ಪದ. (ನಮ್ಮ ವಿಭಕ್ತಿಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಅದೇ ಕಥೆ ಕನ್ನಡದಲ್ಲಿ ಇನ್ನೂ ಕಡಿಮೆ ಪದದಲ್ಲಿ ಮುಗಿಯುತ್ತದೆ.) ಅಂದರೆ ದಿನಕ್ಕೆ ಸುಮಾರು ಒಂಬೈನೂರು ಪದ, ಅಚ್ಚಿನಲ್ಲಿ ನಾಲ್ಕು ಪುಟ.

ಒಂದು ದಿನದ ಮಟ್ಟಿಗೆ ನಾಲ್ಕು ಪುಟ ಯಾವ ದಿನಪತ್ರಿಕೆಯ ವರದಿಗಾರನಿಗೂ ದೊಡ್ಡದಲ್ಲ. ದೊಡ್ಡದು ಯಾವುದೆಂದರೆ ಹಬ್ಬ, ಜ್ವರ, ಬೇಸರ ಎನ್ನದೆ ಅದನ್ನು ಐವತ್ತು ವರ್ಷ ನಿಲ್ಲಿಸದಿರುವುದು. ತಿದ್ದಲು, ಓದಲು, ಮುಂದಿನ ಕಥೆ ಯೋಚಿಸಲು ಬೇಕಾದ ಸಮಯವೂ ಇದೇ ದಿನಗಳಲ್ಲೇ ಸಿಗಬೇಕು. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದ ನಮ್ಮ ಎನ್. ನರಸಿಂಹಯ್ಯನವರ ನೂರಾರು ಕಾದಂಬರಿಗಳನ್ನು ಬಲ್ಲ ಕನ್ನಡಿಗರಿಗೆ ಈ ಬಗೆಯ ದುಡಿಮೆ ಅಪರಿಚಿತವಲ್ಲ.

ಇನ್ನೊಂದು ಉಳಿತಾಯವೂ ಇದೆ. ಬಿಡಿ ಕಾದಂಬರಿ ಬರೆಯುವವನು ಪ್ರತಿ ಸಲ ಹೊಸ ಊರು, ಹೊಸ ಜನ, ಹೊಸ ನಿಯಮ ಕಟ್ಟಬೇಕು. ಸರಣಿ ಬರೆಯುವವನಿಗೆ ಮನೆ ಮೊದಲೇ ಕಟ್ಟಿ ನಿಂತಿರುತ್ತದೆ, ಹೊಸ ಕೋಣೆ ಸೇರಿಸಿದರೆ ಸಾಕು. ‘ಹಿಮದ ಕಂಪನಿ’ಯ ಮೊದಲ ಸುತ್ತಿನ 62 ಸಂಪುಟಗಳು 1980ರಿಂದ 1992ರ ನಡುವೆ ಬಂದವು: ವರ್ಷಕ್ಕೆ ಸರಾಸರಿ ಐದು, ಎರಡೂವರೆ ತಿಂಗಳಿಗೂ ಮುಂಚೆ ಮುಂದಿನ ಕಂತು. ಆಮೇಲೆ ಹಿಮಯುಗದ ಪೂರ್ವಕಥೆ ಹೇಳುವ 11 ಸಂಪುಟಗಳ ಎರಡನೆಯ ಸುತ್ತು, 2001ರಿಂದ 2005ರವರೆಗೆ 24 ಸಂಪುಟಗಳ ಮೂರನೆಯ ಸುತ್ತು.

ಹಿಮದ ಕಂಪನಿಯ ಲೋಕ

ಕಥೆಯ ಹಿನ್ನೆಲೆ ಹೀಗಿದೆ. ಭೂಮಿಯ ಅಣುತ್ಯಾಜ್ಯವನ್ನು ಚಂದ್ರನ ಮೇಲೆ ಸುರಿದು ಸುರಿದು ಕೊನೆಗೆ ಚಂದ್ರ ಸಿಡಿಯುತ್ತದೆ. ಅದರ ದೂಳು ಭೂಮಿಯನ್ನು ಸುತ್ತುವರಿದು ಸೂರ್ಯನನ್ನು ಮುಚ್ಚುತ್ತದೆ. ಸಮುದ್ರಗಳೂ ಹೆಪ್ಪುಗಟ್ಟುತ್ತವೆ. ಶತಮಾನಗಳ ನಂತರ ಉಳಿದ ಮನುಷ್ಯರು ಹಿಮದ ಮೇಲೆ ಹಾಸಿದ ಹಳಿಗಳ ಮೇಲೆ ಬದುಕುತ್ತಿದ್ದಾರೆ. ಮನೆ, ಕಾರ್ಖಾನೆ, ಆಸ್ಪತ್ರೆ, ಸೈನ್ಯ ಎಲ್ಲವೂ ಗಾಲಿಗಳ ಮೇಲೆ. ಊರು ಎಂದರೆ ಗಾಜಿನ ಗುಮ್ಮಟದಡಿಯ ನಿಲ್ದಾಣ. ಸರ್ಕಾರಗಳಿಲ್ಲ, ಐದಾರು ದೈತ್ಯ ರೈಲು ಕಂಪನಿಗಳಿವೆ. ಹಳಿ ಬಿಟ್ಟು ಬೇರೆ ಯಾವ ರೀತಿಯಲ್ಲೂ ಸಂಚರಿಸಬಾರದು ಎಂದು ಅವು ತಮ್ಮಲ್ಲೇ ಒಪ್ಪಂದ ಮಾಡಿಕೊಂಡಿವೆ.

ದೂಳು ನಿಜಕ್ಕೂ ಭೂಮಿಯನ್ನು ತಣ್ಣಗಾಗಿಸುತ್ತದೆಯೇ? ಸಣ್ಣ ಪ್ರಮಾಣದಲ್ಲಿ ಆದದ್ದುಂಟು. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಗಂಧಕದ ಅನಿಲದಿಂದ ಉಂಟಾದ ಸೂಕ್ಷ್ಮ ಹನಿಗಳು ಮೇಲಿನ ವಾಯುಮಂಡಲದಲ್ಲಿ ಹರಡಿ ಬಿಸಿಲನ್ನು ಹಿಂದಕ್ಕೆ ಚದುರಿಸಿದವು. 1816ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಹಲವೆಡೆ ಬೇಸಿಗೆಯೇ ಬರಲಿಲ್ಲ, ಬೆಳೆ ಕೈಕೊಟ್ಟಿತು. ಅಣುಯುದ್ಧದ ಹೊಗೆಮಸಿಯೂ ಹೀಗೇ ಸೂರ್ಯನನ್ನು ಮರೆಮಾಡಬಹುದೆಂಬ ‘ನ್ಯೂಕ್ಲಿಯರ್ ವಿಂಟರ್’ ವಾದವನ್ನು ವಿಜ್ಞಾನಿಗಳು ಲೆಕ್ಕಸಹಿತ ಮುಂದಿಟ್ಟದ್ದು 1983ರಲ್ಲಿ. ಆರ್ನೋ ಅವರ ಮೊದಲ ಸಂಪುಟ ಆ ಹೊತ್ತಿಗೆ ಮೂರು ವರ್ಷ ಹಳೆಯದು. ಜ್ವಾಲಾಮುಖಿಯ ಹನಿಗಳು ಒಂದೆರಡು ವರ್ಷದಲ್ಲಿ ಇಳಿದುಹೋಗುತ್ತವೆ. ಕಥೆಗೆ ಶತಮಾನಗಳ ಕತ್ತಲೆ ಬೇಕಿತ್ತು, ಅದಕ್ಕೇ ಲೇಖಕ ಚಂದ್ರನನ್ನೇ ಒಡೆದರು.

ನಾಯಕ ಲಿಯನ್ ರಾಗ್ ಹಿಮವಿಜ್ಞಾನಿ, ಟ್ರಾನ್ಸ್‌ಯುರೋಪಿಯನ್ ಕಂಪನಿಯ ನೌಕರ. ಅವನನ್ನು ಕಾಡುವ ಪ್ರಶ್ನೆ ‘ಕೆಂಪುಜನ’ರದು. ಮೈತುಂಬ ಕೆಂಗೂದಲಿರುವ ಈ ಜನ ಬಟ್ಟೆಯಿಲ್ಲದೆ ಆ ಚಳಿಯಲ್ಲಿ ಹೊರಗೇ ಬದುಕಬಲ್ಲರು. ಬೆಚ್ಚಗಿನ ಜಾಗ ಅವರಿಗೆ ಸಹಿಸದು. ಎಲ್ಲಿಂದ ಬಂದರು, ಯಾರಾದರೂ ಇವರನ್ನು ಸೃಷ್ಟಿಸಿದರೇ ಎಂದು ಕೇಳುವುದೇ ಕಂಪನಿಗಳಿಗೆ ಅಪರಾಧ.

ಇಲ್ಲಿ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು, ಇಡೀ ಸರಣಿಯ ಉಸಿರು ಅದರಲ್ಲಿದೆ. ಗುಮ್ಮಟದ ಒಳಗೆ ಬಿಸಿ, ಹೊರಗೆ ಕೊರೆವ ಚಳಿ. ಗಾಜಿನ ಮೇಲೆ ಹಿಮ ಕಟ್ಟುತ್ತಲೇ ಇರುತ್ತದೆ. ಕೆರೆಯದಿದ್ದರೆ ಭಾರಕ್ಕೆ ಗುಮ್ಮಟ ಕುಸಿಯುತ್ತದೆ. ಕೆರೆಯುವವರು ಕೆಂಪುಜನರು. ಕೂಲಿಯಾಗಿ ಅವರಿಗೆ ಸಿಗುವುದು ಒಳಗಿನವರ ಎಂಜಲು. ಒಳಗೆ ಕೂತು ಉಣ್ಣುವವರು ತಲೆ ಎತ್ತಿದರೆ ಗಾಜಿನಾಚೆ ಅವರ ಅಂಗಾಲು, ಅಂಗೈ ಕಾಣುತ್ತದೆ. ಗಾಜೊಂದರ ಅಂತರದಲ್ಲಿ ಎರಡು ಲೋಕಗಳು. ಲಿಯನ್ ರಾಗ್ ಆ ಗಾಜನ್ನು ದಾಟಿ ಜ್ದ್ರೂ ಎಂಬ ಕೆಂಪುಹೆಣ್ಣನ್ನು ಪ್ರೀತಿಸುತ್ತಾನೆ. ಅವರ ಮಗ ಜ್ದ್ರಿಯನ್ ಮುಂದಿನ ಸಂಪುಟಗಳ ದೊಡ್ಡ ಪಾತ್ರವಾಗುತ್ತಾನೆ. ವರ್ಗ, ಬಣ್ಣ, ದುಡಿಮೆ ಕುರಿತು ಭಾಷಣ ಮಾಡದೆ ಎಲ್ಲವನ್ನೂ ಹೇಳಿಬಿಡುವ ಇಂಥ ಕಲ್ಪನೆ ಸ್ಟೇಷನ್ ಕಾದಂಬರಿಯಲ್ಲಿ ಬಂತೆಂಬುದನ್ನು ಗಮನಿಸಬೇಕು.

ರೈಲೇ ಏಕೆ?

ರಸ್ತೆಯಲ್ಲಿ ಹೋಗುವವನು ಬೇಕೆಂದಲ್ಲಿ ತಿರುಗಬಹುದು. ಕಾಲುದಾರಿ ಹಿಡಿಯಬಹುದು. ರೈಲಿಗೆ ಆ ಸ್ವಾತಂತ್ರ್ಯವಿಲ್ಲ. ಎತ್ತ ತಿರುಗಬೇಕೆಂದು ಹೇಳುವುದು ಚಾಲಕನಲ್ಲ, ಹಳಿ ತಿರುಗಿಸುವ ಪಾಯಿಂಟ್ಸ್ ಹಾಕುವವನು. ಮುಂದೆ ಹೋಗಲು ಸಿಗ್ನಲ್ ಬೇಕು, ಓಡಲು ಶಕ್ತಿ ಬೇಕು, ನಿಲ್ಲಲು ಲೈನು ಬೇಕು. ಈ ಮೂರನ್ನೂ ಹಿಡಿದವನ ಕೈಯಲ್ಲಿ ಪ್ರಯಾಣಿಕನ ಜುಟ್ಟು. ಒಂದು ಕುಟುಂಬದ ಬೋಗಿಯನ್ನು ಮೂಲೆಯ ಸೈಡಿಂಗ್‌ಗೆ ತಳ್ಳಿ ಶಾಖದ ಕೊಂಡಿ ಕಳಚಿದರೆ ಸಾಕು, ಮರಣದಂಡನೆಗೆ ಬೇರೆ ವ್ಯವಸ್ಥೆ ಬೇಡ.

ಆರ್ನೋ ಈ ಒಂದು ತಾಂತ್ರಿಕ ಸತ್ಯದಿಂದ ಇಡೀ ಸಮಾಜವನ್ನು ಹೊರಡಿಸುತ್ತಾರೆ. ಹಳಿ ಯಾರದೋ ರಾಜ್ಯ ಅವರದು. ಆದ್ದರಿಂದಲೇ ಕಥೆಯಲ್ಲಿ ಬಂಡಾಯವೂ ಸಂಚಾರದ ರೂಪದಲ್ಲೇ ಬರುತ್ತದೆ. ಹಾಯಿಕಟ್ಟಿ ಗಾಳಿಯಿಂದ ಹಳಿಯ ಮೇಲೆ ಓಡುವವರು, ತಿಮಿಂಗಿಲಗಳ ಜೊತೆಗೂಡಿ ಬದುಕುವವರು, ಸೂರ್ಯನನ್ನು ಮರಳಿ ತರಲು ಗುಟ್ಟಾಗಿ ದುಡಿಯುವವರು. ‘ಕಿಡ್’ ಎಂಬ ಕುಳ್ಳನೊಬ್ಬ ಹೆಪ್ಪುಗಟ್ಟಿದ ಪೆಸಿಫಿಕ್ ಸಾಗರದ ಮೇಲೆ ಸ್ವಂತ ಕಂಪನಿಯನ್ನೇ ಕಟ್ಟುತ್ತಾನೆ. ಸೂರ್ಯ ಮರಳಿದರೆ ಹಿಮ ಕರಗಿ ಹಳಿಗಳು ಮುಳುಗುತ್ತವೆ, ಜೊತೆಗೆ ಅವನ್ನು ನಂಬಿದ ಜನವೂ. ಬೆಳಕು ಬೇಕೆನ್ನುವವರನ್ನೂ ಬೇಡವೆನ್ನುವವರನ್ನೂ ಸುಲಭವಾಗಿ ತಳ್ಳಿಹಾಕಲು ಲೇಖಕ ಬಿಡುವುದಿಲ್ಲ.

ನೂರು ಸಂಪುಟದ ದಾರಿಯಲ್ಲಿ ಏನೇನು ಕೆಡುತ್ತದೆ

ಇಷ್ಟು ಉದ್ದದ ಕಥೆಯಲ್ಲಿ ದೋಷ ಬರುವ ಜಾಗಗಳು ಗೊತ್ತಿರುವಂಥವೇ. ಮೊದಲನೆಯದು ಹೊಸ ಓದುಗನ ಸಮಸ್ಯೆ. ನಿಲ್ದಾಣದ ಮಳಿಗೆಯಲ್ಲಿ 30ನೆಯ ಕಂತನ್ನು ಎತ್ತಿಕೊಂಡವನಿಗೆ ಹಿಂದಿನ 29 ಸಿಗುವುದಿಲ್ಲ. ಅವನಿಗಾಗಿ ಹಿಂದಿನದನ್ನು ಮತ್ತೆ ಹೇಳಬೇಕು. ಹೆಚ್ಚು ಹೇಳಿದರೆ ಹಳೆಯ ಓದುಗನಿಗೆ ಬೇಸರ, 192 ಪುಟದಲ್ಲಿ ಜಾಗವೂ ಪೋಲು. ಇದಕ್ಕೆ ಸರಣಿ ಬರೆಯುವವರು ಕಂಡುಕೊಂಡ ದಾರಿಯೆಂದರೆ ನೆನಪಿಸುವ ಕೆಲಸವನ್ನು ಪಾತ್ರಗಳಿಗೆ ವಹಿಸುವುದು. ಇಬ್ಬರು ಜಗಳವಾಡುವಾಗ ಹಳೆಯ ಸಂಗತಿ ಹೊರಬಂದರೆ ಅದು ಸಾರಾಂಶದಂತೆ ಕಾಣುವುದಿಲ್ಲ.

ಎರಡನೆಯದು ಕಾಲ. ನಾಯಕನ ವಯಸ್ಸು, ಮಗು ಬೆಳೆದ ವೇಗ, ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಬೇಕಾದ ದಿನಗಳು, ಇವನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳದಿದ್ದರೆ ಹತ್ತು ಸಂಪುಟ ದಾಟುವಷ್ಟರಲ್ಲಿ ಲೆಕ್ಕ ತಪ್ಪುತ್ತದೆ. ಮೂರನೆಯದು ಪಾತ್ರಗಳ ಗುಂಪು. ಒಬ್ಬನೇ ನಾಯಕನನ್ನು ಅರವತ್ತು ಸಂಪುಟ ಓಡಿಸಲಾಗದು. ಆದ್ದರಿಂದ ಎಳೆಗಳು ಒಡೆಯುತ್ತವೆ, ಒಬ್ಬೊಬ್ಬರನ್ನು ಒಂದೊಂದು ಖಂಡದಲ್ಲಿ ಬಿಟ್ಟು ಸರದಿಯಲ್ಲಿ ಹೇಳಬೇಕಾಗುತ್ತದೆ. ನಡುವಿನ ಕೆಲವು ಸಂಪುಟಗಳಲ್ಲಿ ಕಥೆ ಮುಂದೆ ಸರಿಯದೆ ಅಡ್ಡಡ್ಡ ಹರಡಿದೆ ಅನ್ನಿಸುವುದು ನಿಜ.

ಧಾರಾವಾಹಿ ಪದ್ಧತಿಯ ಹಳೆಯ ಗುಣದೋಷಗಳೇ ಇವು. ಪ್ಯಾರಿಸ್‌ನಲ್ಲಿ 1836ರಲ್ಲೇ ಪತ್ರಿಕೆಗಳು ಕಾದಂಬರಿಯನ್ನು ಕಂತುಗಳಲ್ಲಿ ಹಾಕತೊಡಗಿದ್ದವು. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದ ಕನ್ನಡ ಓದುಗರಿಗೆ ಕಂತಿನ ಕೊನೆಯ ಸಾಲಿನಲ್ಲಿ ಬಾಗಿಲು ತಟ್ಟುವ ಸದ್ದು ಏಕೆ ಬರುತ್ತದೆಂದು ವಿವರಿಸಬೇಕಿಲ್ಲ.

ಓದಲು, ಕೂಡಿಡಲು

ಫ್ರೆಂಚ್ ಕಲಿಯುತ್ತಿರುವವರಿಗೆ ಈ ಪುಸ್ತಕಗಳು ಒಳ್ಳೆಯ ಅಭ್ಯಾಸ. ವಾಕ್ಯ ಚಿಕ್ಕವು, ಸಂಭಾಷಣೆ ಹೆಚ್ಚು, ಒಂದೇ ಪದಸಮೂಹ ಮತ್ತೆ ಮತ್ತೆ ಬರುತ್ತದೆ. ಹಳಿ, ಬೋಗಿ, ಹಿಮ, ತಿಮಿಂಗಿಲ ಎಂಬ ಹತ್ತಿಪ್ಪತ್ತು ಪದ ಕೈವಶವಾದರೆ ಎರಡನೆಯ ಸಂಪುಟದಿಂದ ನಿಘಂಟು ಕೆಳಗಿಡಬಹುದು. ಮೊದಲ ಆರು ಸಂಪುಟಗಳನ್ನು ಕ್ರಮವಾಗಿಯೇ ಓದಬೇಕು; ಕೆಂಪುಜನರ ಒಗಟು ಬಿಚ್ಚಿಕೊಳ್ಳತೊಡಗುವುದು ಅಲ್ಲಿಯೇ. ಪೂರ್ವಕಥೆಯ 11 ಸಂಪುಟಗಳನ್ನು ಮೊದಲೇ ಓದಿದರೆ ಮುಖ್ಯ ಸರಣಿಯ ಗುಟ್ಟುಗಳು ರಟ್ಟಾಗುತ್ತವೆ, ಅವನ್ನು ಬಂದ ಕ್ರಮದಲ್ಲೇ ಇಟ್ಟುಕೊಳ್ಳುವುದು ಮೇಲು. ಮರುಮುದ್ರಣಗಳಲ್ಲಿ ಹಲವು ಕಂತುಗಳನ್ನು ಒಂದೇ ಪುಸ್ತಕವಾಗಿ ಕಟ್ಟಿರುವುದುಂಟು. ಆಗ ಬೆನ್ನಿನ ಸಂಖ್ಯೆಗೂ ಮೂಲ ಕಂತಿನ ಸಂಖ್ಯೆಗೂ ತಾಳೆಯಾಗುವುದಿಲ್ಲ, ಒಳಪುಟ ನೋಡಿಯೇ ಕೊಳ್ಳಬೇಕು.

ಹಳೆಯ ಪ್ರತಿಗಳ ಬೈಂಡಿಂಗ್ ಹೊಲಿಗೆಯದಲ್ಲ, ಅಂಟಿನದು. ಹಾಳೆಗಳ ಮಡಿಕೆಯನ್ನು ಕತ್ತರಿಸಿ, ಆ ಅಂಚಿಗೆ ಬಿಸಿ ಅಂಟು ಬಳಿದು ಮುಖಪುಟಕ್ಕೆ ಒತ್ತಿರುತ್ತಾರೆ. ವರ್ಷ ಕಳೆದಂತೆ ಅಂಟು ಗಡುಸಾಗುತ್ತದೆ. ಆ ಹಂತದಲ್ಲಿ ಪುಸ್ತಕವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಬಿಚ್ಚಿದರೆ ಬೆನ್ನು ಸೀಳಿ ಹಾಳೆಗಳು ಒಂದೊಂದಾಗಿ ಕೈಗೆ ಬರುತ್ತವೆ. ಅರ್ಧಕ್ಕಿಂತ ಹೆಚ್ಚು ತೆರೆಯದೆ ಎರಡೂ ಕೈಯಲ್ಲಿ ಹಿಡಿದು ಓದಬೇಕು. ಮಂಗಳೂರು, ಉಡುಪಿ ಕಡೆಯ ತೇವದಲ್ಲಿ ಇಂಥ ಕಾಗದಕ್ಕೆ ಬೂಸಲು ಬೇಗ ಹತ್ತುತ್ತದೆ. ಗೋಡೆಗೆ ತಾಗದಂತೆ, ಬಿಸಿಲು ಬೀಳದ ಕಪಾಟಿನಲ್ಲಿ, ಗಾಳಿಯಾಡುವಷ್ಟು ಸಡಿಲವಾಗಿ ನಿಲ್ಲಿಸಬೇಕು. ಬಿದ್ದ ಹಾಳೆಗೆ ಸೆಲ್ಲೋಟೇಪ್ ಅಂಟಿಸಬಾರದು. ಅದರ ಗೋಂದು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಅಕ್ಷರದ ಮೇಲೆ ಹರಡುತ್ತದೆ. ಹಾಳೆಯನ್ನು ಅದರ ಜಾಗದಲ್ಲೇ ಇಟ್ಟು, ಇಡೀ ಪುಸ್ತಕಕ್ಕೆ ಹತ್ತಿಯ ಲಾಡಿ ಕಟ್ಟಿ ಇಟ್ಟರೆ ಸಾಕು.